ಬಂಕ್ ಬೆಡ್ಡಿಗೆ 1,38,750 ಎಸ್ಟಿಮೇಟ್ ಬಂದದ, ನನ್ನ ಬಜೆಟ್ 70 ಸಾವಿರ. ಎಲ್ಲಿ ಕಡಿಮಿ ಮಾಡ್ಲಿ?

ತೊಗರಿಕಣಜ:
ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿ ಸೇಡಂ ರಸ್ತೆ ಕಡೆ ನಮ್ಮನಿ. ಹುಡುಗೋರ ಕೋಲಿ 10×11 ಅಡಿ, ಮ್ಯಾಲ ಸೀದಾ ಛತ್ತು. ಮಗಳಿಗೆ 10 ವರ್ಷ, ಮಗಗ 5. ಗೋಡಿಗೆ ಹೊಂದಿಸಿ ಬಂಕ್ ಬೆಡ್ (ಒಂದರ ಮ್ಯಾಲ ಒಂದು ಮಂಚ) ಮಾಡಿಸ್ಬೇಕು, ಕೆಳಗ ಎರಡು ಡ್ರಾ, ಬಾಜೂಕ ಮೆಟ್ಟಿಲ. ಇಂಟೀರಿಯರ್ ಮಾಡೋರು ಬಂದು ಟೇಪ್ ಹಿಡಿದು 111 ಚದರಡಿ, ಚದರಡಿಗೆ 1,250 ಅಂತ ಬರದು ಹೋದ್ರು. ಐಎಸ್ 710 (ನೀರು ತಡಿಯೋ) ಪ್ಲೈ, ಸನ್‌ಮೈಕಾ, ಕೂಲಿ ಎಲ್ಲಾ ಸೇರಿ. ಜಿಎಸ್‌ಟಿ, ಗಾದಿ ಬ್ಯಾರೆ. ಗಾದಿ ಹಿಡಿದು ನನ್ನ ಕಡೆ ಇರೋದು 70 ಸಾವಿರ. ಎರಡು ಮಂಚಕ್ಕ ಇಷ್ಟ್ಯಾಕ ಆಗ್ತದಂತ ತಿಳೀವಲ್ದು.

ಬೀದರ್_ಬಡಿಗ:
ಅಣ್ಣಾರ, 6.5 ಅಡಿ ಮಂಚ 111 ಚದರಡಿ ಹೆಂಗಾಯ್ತು? ಅಳತಿ ಬರದ ಹಾಳಿ ಇದ್ರ ಬಿಡಿಸಿ ಹಾಕ್ರಿ.

ತೊಗರಿಕಣಜ:
ಹಾಳಿ ಸಿಕ್ತು. ಮಂಚದ ಮುಂಭಾಗ 6.5×6 = 39. ಮೆಟ್ಟಿಲ 3×5 = 15. ಹಿಂದಿನ ಗೋಡಿ ಪ್ಯಾನೆಲಿಂಗ್ 9.5×6 = 57.

ಬೀದರ್_ಬಡಿಗ:
ನೋಡ್ರಿ, ಕಳ್ಳ ಅಲ್ಲೇ ಕುಂತಾನ. 57 ಚದರಡಿ ಅಂದ್ರ 71,250 ರೂಪಾಯಿ, ಅಂದ್ರ ಅರ್ಧಕ್ಕಿಂತ ಹೆಚ್ಚು. ಮಂಚದ ಹಿಂದ ಅಡಗೋ ಗೋಡಿಗೆ ಹಲಗಿ ಬಡಿಲಿಕ್ಕ ಡ್ರಾ ಮಾಡೋ ರೇಟೇ ಹಾಕ್ಯಾರ. ಅಲ್ಲಿ ಡ್ರಾ ಸರಿಯೋ ಚಾನೆಲ್ ಇಲ್ಲ, ಜೋಡಣಿ ಇಲ್ಲ, ನಾಕು ರೀಪರ್ (ಕಟಗಿ ಪಟ್ಟಿ) ಮ್ಯಾಲ ಶೀಟ್ ಅಂಟಿಸೋದು ಅಷ್ಟ. ಹುಡುಗೋರು ಕಾಲು ಊರಿ ಗೋಡಿ ಹೊಲಸು ಮಾಡ್ತಾರಂದ್ರ ತೊಳೆಯೋ ಪೇಂಟ್ ಹಚ್ಚಿಸ್ರಿ. ಇನ್ನ ಮೆಟ್ಟಿಲ. ಅದರ ಆಕಾರ ತ್ರಿಕೋನ, ಅಳತಿ ಹಿಡಿದಿದ್ದು ಪೂರ್ತಿ ಚೌಕ! ಏಣಿ ಇಟ್ರ ಆ 18,750 ಸಹಿತ ಉಳೀತದ.

710 ಅಡಿಗಿಮನಿ ಸಿಂಕಿನ ಕೆಳಗಿನ ಮಾಲು. ಮಲಗೋ ಕೋಲಿಗೆ ನೀರು ಎಲ್ಲಿಂದ ಬರ್ಬೇಕು? ಐಎಸ್ 303 ಗುರುತಿನ ಎಂಆರ್ (ತೇವ ತಡಿಯೋ) ಪ್ಲೈ ಸಾಕು, 18 ಎಂಎಂ. ನಮ್ಮ ಕಡೆ ಮಂಚಕ್ಕ ವೈರಿ ನೀರಲ್ಲ, ಗೆದ್ದಲು. ಪ್ಲೈ ಡಬ್ಬಿ ಪರಶಿಗಿ ಹತ್ತಿಸಿ ಕೂಡಿಸಬ್ಯಾಡ್ರಿ, ಕೆಳಗ ಕಸಬರಿಗಿ ಹೋಗೋ ಅಷ್ಟು ಜಾಗ ಬಿಡ್ರಿ.

ಸೆಂಟ್ರಿಂಗ್_ಸಾಹೇಬ:
ನಾನು ಸಿವಿಲ್ ಕೆಲಸದವನು, ಯಾದಗಿರಿ. ಹಣದ ಮಾತಿಗೆ ಮೊದಲು ಎರಡು ಪ್ರಶ್ನೆ. ಸೀಲಿಂಗ್ ಫ್ಯಾನ್ ಎಲ್ಲಿದೆ? ಗೋಡೆ ಯಾವುದು?

ತೊಗರಿಕಣಜ:
ಫ್ಯಾನ್ ಕೋಲಿ ನಟ್ಟನಡುವ, 48 ಇಂಚಿಂದು. ಗೋಡಿ ನಮ್ಮಪ್ಪ ಕಟ್ಟಿಸಿದ್ದು, ಶಹಾಬಾದಿ ಕಲ್ಲಿಂದು. ಛತ್ತು 10 ಅಡಿ ಮ್ಯಾಲ ಅದ.

ಸೆಂಟ್ರಿಂಗ್_ಸಾಹೇಬ:
ಹಾಗಾದರೆ ಈ ಲೆಕ್ಕ ನೋಡಿ. 11 ಅಡಿ ಗೋಡೆಗೆ ಮಂಚ ಹಾಕಿದರೆ ಫ್ಯಾನಿನ ನಡು ಆ ಗೋಡೆಯಿಂದ 5 ಅಡಿ. ರೆಕ್ಕೆಯ ತುದಿ ನಡುವಿನಿಂದ 2 ಅಡಿ. ಅಂದರೆ ರೆಕ್ಕೆ ಗೋಡೆಯಿಂದ 3 ಅಡಿಗೆ ಬರುತ್ತದೆ, ಒಬ್ಬರು ಮಲಗುವ ಮಂಚದ ಅಗಲವೂ ಸುಮಾರು 3 ಅಡಿ. ಮಗಳು ಮೇಲೆ ಎದ್ದು ನಿಂತು ಕೈ ಎತ್ತಿದರೆ ಸೀದಾ ರೆಕ್ಕೆಗೆ. ಎಸ್ಟಿಮೇಟ್ ಕೊಟ್ಟವರು ಇದನ್ನು ಹೇಳಲಿಲ್ಲವೆಂದರೆ ಆಶ್ಚರ್ಯ. ಸೀಲಿಂಗ್ ಫ್ಯಾನ್ ತೆಗೆಸಿ, ಗೋಡೆ ಫ್ಯಾನ್ ಹಾಕಿಸಿ, ಆ ಖರ್ಚನ್ನೂ ಈ ಬಜೆಟ್ಟಿನಲ್ಲೇ ಹಿಡಿಯಿರಿ.

ಕಲ್ಲಿನ ಗೋಡೆಗೆ ಬೋಲ್ಟ್ ಹೊಡೆದು ಮೇಲಿನ ಮಂಚ ತೂಗಿಹಾಕುವ ಆಸೆ ಬಿಡಿ. ಡ್ರಿಲ್ ಸಂದಿಗೆ ಬಿದ್ದರೆ ಹಿಡಿತ ಸಿಗುವುದಿಲ್ಲ. ಎರೆಮಣ್ಣಿನ ಮೇಲೆ ಕಟ್ಟಿದ ಮನೆಯಾದರೆ ಮಳೆಗಾಲಕ್ಕೆ ಹಿಗ್ಗಿ, ಬೇಸಿಗೆಗೆ ಕುಗ್ಗಿ ಗೋಡೆ ಬಿರುಕು ಬಿಡುವುದು ನಿಮಗೇ ಗೊತ್ತು. ಭಾರವೆಲ್ಲ ನಾಲ್ಕು ಕಾಲಿನ ಮೇಲೆ ನೆಲಕ್ಕೆ ಇಳಿಯಲಿ. ಗೋಡೆಗೆ ಎರಡು ಕ್ಲಾಂಪ್ ಸಾಕು, ಅಲುಗಾಡದಿರಲಿ ಎಂದಷ್ಟೇ. ಕಬ್ಬಿಣದ ಚೌಕ ಪೈಪ್ ಅಗ್ಗ: 50×50 ಮಿಮೀ, 2 ಮಿಮೀ ದಪ್ಪದ್ದು ಮೀಟರಿಗೆ ಸುಮಾರು 3 ಕಿಲೋ. ನಾಲ್ಕು ಕಾಲು, ಎರಡು ಚೌಕಟ್ಟಿಗೆ 18 ಮೀಟರ್ ಬೇಕು, ಅದೇ 55 ಕಿಲೋ ಹತ್ತಿರ. ಅಡ್ಡಪಟ್ಟಿ, ಕಟಕಟೆ, ಏಣಿ ಸೇರಿದರೆ 90 ದಾಟಬಹುದು. ಕಿಲೋ ಲೆಕ್ಕದಲ್ಲೇ ರೇಟ್ ಕೇಳಿ, ತೂಕದ ಚೀಟಿ ತಗೊಳ್ಳಿ.

ಹುರಕ್ಕಿಹೋಳಿಗೆ:
ಹಣದ ನಡುವ ಹುಡುಗೋರನ್ನ ಮರೀಬ್ಯಾಡ್ರಿ. 6 ವರ್ಷದ ಒಳಗಿನವರನ್ನ ಮ್ಯಾಲ ಮಲಗಿಸಬಾರದು, ನಿಮ್ಮ ಮಗ ಎಷ್ಟು ಅತ್ರೂ ಕೆಳಗೇ. ಕಟಕಟಿ ಗಾದಿಗಿಂತ ಕಮ್ಮಿ ಅಂದ್ರ 5 ಇಂಚು ಮ್ಯಾಲ ಬರ್ಬೇಕು, ಸಂದಿ ಮೂರೂವರೆ ಇಂಚು ದಾಟಬಾರದು. ನಾವು ಆಸೆಪಟ್ಟು 8 ಇಂಚಿನ ಸ್ಪ್ರಿಂಗ್ ಗಾದಿ ತಂದ್ವಿ, ಕಟಕಟಿ ಅದರಾಗ ಮುಳುಗಿ ಹೋಯ್ತು! 4 ಇಂಚಿಂದು ತಗೋರಿ, ರೊಕ್ಕನೂ ಉಳೀತದ.

ಮತ್ತ ಬ್ಯಾಸಿಗಿ? ಎಪ್ರಿಲ್‌ನಾಗ ನಮ್ಮ ಛತ್ತು ರಾತ್ರಿ ಹನ್ನೊಂದಕ್ಕೂ ರೊಟ್ಟಿ ಹಂಚಿನಂಗ ಇರ್ತದ. ಅದಕ್ಕ ಎಲ್ಲಾರಿಗಿಂತ ಹತ್ತಿರ ಮಲಗೋದು ನಿಮ್ಮ ಮಗಳು. ಛತ್ತಿನ ಮ್ಯಾಲ ಬಿಳಿ ಸುಣ್ಣ ಹೊಡಸ್ರಿ. ನಮ್ಮ ಹುಡುಗೋರಂತೂ ಮೇ ತಿಂಗಳ ಪೂರ್ತಿ ಚಾಪಿ ತಗೊಂಡು ಮಾಳಗಿ ಮ್ಯಾಲೇ.

ತೊಗರಿಕಣಜ:
ಎರಡು ತಿಂಗಳಾದ ಮ್ಯಾಲ ಬರೀಲಕತ್ತೀನಿ, ತಪ್ಪು ತಿಳೀಬ್ಯಾಡ್ರಿ. ಕೆಲಸ ಮುಗೀತು. ಕಬ್ಬಿಣ 92 ಕಿಲೋ, ಕೂಲಿ ಸೇರಿ ಕಿಲೋಕ್ಕ 140ರಂಗ 12,880. ಪ್ರೈಮರ್, ಬಣ್ಣ 1,800. ಪ್ಲೈ 4 ಶೀಟ್ 9,600, ಸನ್‌ಮೈಕಾ 3,900. ಬಡಿಗ 6 ದಿನ, 6,600. ಡ್ರಾ ಗಾಲಿ, ಸ್ಕ್ರೂ, ಅಂಚಿನ ಪಟ್ಟಿ 2,200. ಗಾದಿ ಎರಡಕ್ಕ 11,000. ಗೋಡಿ ಫ್ಯಾನ್ ಎರಡು, ವೈರಿಂಗ್ ಸೇರಿ 5,500. ಒಟ್ಟು 53,480.

ಆದ್ರ ಒಂದು ಫಜೀತಿ ಆಯ್ತು. ವೆಲ್ಡಿಂಗ್ ಅಂಗಡ್ಯಾಗ ಪೂರ್ತಿ ಚೌಕಟ್ಟು ಜೋಡಿಸಿ ಟಂಟಂದಾಗ ಹಾಕಿ ಕಳಿಸಿದ್ರು. ನಮ್ಮ ಕೋಲಿ ಬಾಗಲಾ ಎರಡೂವರೆ ಅಡಿ! ನಾಕು ಮಂದಿ ಅಡ್ಡ, ಉದ್ದ, ತಲಿಕೆಳಗ ಮಾಡಿ ನೋಡಿದ್ವಿ, ಆಗ್ಲಿಲ್ಲ. ತಿರುಗಿ ಕೊಯ್ದು ಬೋಲ್ಟ್ ಹಾಕಿಸಲಿಕ್ಕ 1,200 ದಂಡ. ನೀವು ಮಾಡಿಸೋದಿದ್ರ ಮೊದಲೇ ಬೋಲ್ಟ್ ಜೋಡಣಿ ಹೇಳ್ರಿ.

ಪರಶಿ ಸಮ ಇಲ್ದೆ ಒಂದು ಕಾಲು ಕುಣೀತಿತ್ತು. ಕೆಳಗ ರಬ್ಬರ್ ತುಂಡು ಕೊಟ್ಟೀನಿ, ಆದರೂ ಮಗಳು ಹೊರಳಿದ್ರ ಕಿರ್ ಅಂತದ. ಇದಕ್ಕೇನಾರ ಉಪಾಯ ಅದೇನ್ರಿ?

ಬೀದರ್_ಬಡಿಗ:
ಆ ಸಪ್ಪಳ ಕಾಲಿಂದಲ್ಲರಿ, ಪ್ಲೈ ಕಬ್ಬಿಣಕ್ಕ ತಿಕ್ಕೋದು. ಹಲಗಿ ಎತ್ತಿ, ಹಳಿ ಸೈಕಲ್ ಟ್ಯೂಬ್ ಕತ್ತರಿಸಿ ಪಟ್ಟಿ ಮ್ಯಾಲೆಲ್ಲಾ ಹಾಸ್ರಿ, ಆಮ್ಯಾಲ ಸ್ಕ್ರೂ ಬಿಗೀರಿ.

ತೊಗರಿಕಣಜ:
ಟ್ಯೂಬ್ ಹಾಕಿದೆ. ನಿನ್ನೆ ರಾತ್ರಿ ಸಪ್ಪಳಿಲ್ಲ. ಈಗ ಮಗ ತಾನೂ ಮ್ಯಾಲ ಮಲಗ್ತೀನಂತ ಕುಂತಾನ.