ಸಹಾಯ ಬೇಕು: ಕಸೂತಿ ಹಾಕಿದ ಬಟ್ಟೆ ಸುಕ್ಕಾಗಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಈ ಮಳೆಯಲ್ಲಿ ಕರೆಂಟ್ ಇರೋದೇ ಅಪರೂಪ, ಸುಮ್ನೆ ಕೂರೋ ಬದಲು ಕೈಕಸೂತಿ ಹಿಡಿದಿದ್ದೇನೆ. ಮನಸ್ಸಿಗೂ ಹಾಯೆನಿಸುತ್ತದೆ.

ಮಗಳು ಬಿಡಿಸಿದ ಚಿತ್ರ: ಒಂದು ಅಡಿಕೆ ಮರ, ಪಕ್ಕದಲ್ಲಿ ಐದು ಕಾಲಿನ ನಾಯಿ. (ಐದನೆಯದು ಬಾಲವಂತೆ!) ಕಾರ್ಬನ್ ಪೇಪರ್ ಇಟ್ಟು ಅಪ್ಪನ ಹಳೇ ಪಂಚೆ ತುಂಡಿನ ಮೇಲೆ ಇಳಿಸಿಕೊಂಡೆ.

ಮರ, ಸೂಜಿ ಹಿಂದಕ್ಕೆ ಚುಚ್ಚಿ ಮುಂದೆ ತೆಗೆಯುತ್ತಾ ಹೋಗುವ ಬ್ಯಾಕ್ ಸ್ಟಿಚ್‌ನಲ್ಲಿ ನೆಟ್ಟಗೆ ಬಂತು. ನಾಯಿಯ ಬೆನ್ನಿಗೆ ಬಂದಾಗ ಕೆಟ್ಟಿತು. ಬಾಗಿದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ. ಬಟ್ಟೆ ಬಿಗಿಯಾಗಿ ಹಿಡಿಯುವ ರಿಂಗ್ ಬಿಚ್ಚಿದರೆ ಸುತ್ತ ಬಟ್ಟೆಯೆಲ್ಲ ಸುಕ್ಕು. ದಾರದ 6 ಎಳೆಯನ್ನೂ ಹಾಗೇ ಪೋಣಿಸಿದ್ದೆ, ಅದೇ ಜಾಸ್ತಿಯಾಯ್ತೇನೋ. ತೆಳು ಪಂಚೆಗೆ 2 ಎಳೆ ಸಾಕಾ, 3 ಬೇಕಾ? ಬಾಗುವ ಕಡೆ ಸ್ಟೆಮ್ ಸ್ಟಿಚ್ (ಹಗ್ಗ ಹೊಸೆದಂತೆ ಕಾಣುವ ಓರೆ ಹೊಲಿಗೆ) ಹಾಕಲಾ, ಬ್ಯಾಕ್ ಸ್ಟಿಚ್ಚನ್ನೇ ಚಿಕ್ಕದು ಮಾಡಲಾ?

ಇನ್ನೊಂದು, ಕಾರ್ಬನ್ ನೀಲಿ ಎರಡು ಸಲ ಒಗೆದರೂ ಹೋಗಿಲ್ಲ. ನೀರಿಗೆ ಅಳಿಸಿಹೋಗುವ ಪೆನ್ನು ಇರುತ್ತದಲ್ವಾ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುತ್ತಾ? ನಮ್ಮ ಮನೆಯವರು ಶನಿವಾರ ಪೇಟೆಗೆ ಹೋಗುತ್ತಾರೆ. ಅಂಗಡಿಯಲ್ಲಿ ಏನಂತ ಕೇಳಬೇಕು ಅಂತಲೂ ಬರೆದುಬಿಡಿ, ಇಲ್ಲಾಂದ್ರೆ ಬಾಲ್‌ಪೆನ್ ಹಿಡಿದುಕೊಂಡು ಬರುತ್ತಾರೆ.