ಬೀಜ ವಿಜ್ಞಾನಕ್ಕೆ ಸ್ಕಾಲರ್‌ಶಿಪ್: ಅಕ್ಕ ಕೇಳಿದ್ದಕ್ಕೆ

ಅಕ್ಕಾ, ನಿಮ್ಮ ಮೆಸೇಜ್ ಈಗ ನೋಡ್ದೆ. ಪುಟ್ಟಿಗೆ ಬಿ.ಎಸ್ಸಿ. ಅಗ್ರಿ ಮುಗಿಸಿ ಬೀಜ ವಿಜ್ಞಾನದಲ್ಲೇ ಎಂ.ಎಸ್ಸಿ. ಮಾಡ್ಬೇಕಂತೆ, ಅದಕ್ಕೆ ಸ್ಕಾಲರ್‌ಶಿಪ್ ಸಿಗತ್ತಾ ಅಂತ ಕೇಳಿದೀರಿ. ಅದರ ಕೆಳಗೆ ಭಾವ "ಬೀಜದ ಬಗ್ಗೆ ಎರಡು ವರ್ಷ ಓದೋಕೆ ಏನಿರತ್ತೆ?" ಅಂತ ಹಾಕಿದಾರೆ. ಎರಡಕ್ಕೂ ಹೇಳ್ತೀನಿ. ಸ್ವಲ್ಪ ಉದ್ದ ಆಗತ್ತೆ, ಪುಟ್ಟಿನೂ ಕೂತು ಕೇಳ್ಲಿ.

ಮೊದ್ಲು ಭಾವನ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿಲ್ದೆ ಅರ್ಜಿ ಬರೆಯೋಕೇ ಆಗಲ್ಲ. ಹೊಸ ತಳಿ ಒಂದು ಬಂದಾಗ ಅದನ್ನ ತೆಗೆದೋರ ಹತ್ರ ಇರೋದು ಸ್ವಲ್ಪವೇ ಬೀಜ. ಅದು ತಳಿವರ್ಧಕ ಬೀಜ, ಆಮೇಲೆ ಮೂಲ ಬೀಜ, ಆಮೇಲೆ ಪ್ರಮಾಣಿತ ಬೀಜ ಅಂತ ಹಂತ ಹಂತವಾಗಿ ಹೆಚ್ಚಬೇಕು. ಪ್ರತಿ ಹಂತದಲ್ಲೂ ಬೆರಕೆ ಆಗ್ದಂಗೆ ಕಾಯ್ಬೇಕು. ಪಕ್ಕದ ಹೊಲದ ಪರಾಗ ಬರ್ದಂಗೆ ಅಂತರ ಬಿಡ್ಬೇಕು, ಬೇರೆ ಗುಣದ ಗಿಡ ಕಂಡ ತಕ್ಷಣ ಕಿತ್ತು ಹಾಕ್ಬೇಕು. ಇದರಲ್ಲಿ ಎಡವಿದ್ರೆ ತಳಿ ಎಷ್ಟೇ ಒಳ್ಳೇದಿದ್ರೂ ರೈತನ ಕೈಗೆ ಅದು ಸೇರಲ್ಲ.

ಇನ್ನು ಸಂಗ್ರಹ. ಬೀಜದ ತೇವಾಂಶ ಶೇ. 1ರಷ್ಟು ಇಳಿಸಿದ್ರೆ ಅದರ ಆಯಸ್ಸು ಹೆಚ್ಚುಕಮ್ಮಿ ಎರಡರಷ್ಟಾಗತ್ತೆ, ಇಡೋ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿಸಿದ್ರೂ ಹಾಗೇ. ಹ್ಯಾರಿಂಗ್ಟನ್ ಅನ್ನೋ ವಿಜ್ಞಾನಿ ಹೇಳಿದ ಅಂದಾಜು ಲೆಕ್ಕ ಇದು. ಆದ್ರೆ ಮಾವು, ಹಲಸು, ರಬ್ಬರ್ ಬೀಜಕ್ಕೆ ಇದು ನಡಿಯಲ್ಲ, ಅವನ್ನ ಒಣಗಿಸಿದ್ರೆ ಸತ್ತೇ ಹೋಗ್ತವೆ. ಅವನ್ನ ವರ್ಷಗಟ್ಟಲೆ ಉಳಿಸೋದು ಹೇಗೆ? ಇದೊಂದು ಪ್ರಶ್ನೆ ಹಿಡ್ಕೊಂಡು ಜೀವಮಾನ ಕಳೆದೋರಿದಾರೆ ಭಾವ. ನಿಜವಾಗ್ಲೂ ಅಷ್ಟು ದೊಡ್ಡ ವಿಷಯ ಇದು.

ಈಗ ಸ್ಕಾಲರ್‌ಶಿಪ್. ಸರ್ಕಾರ, ವಿಶ್ವವಿದ್ಯಾಲಯ, ಬೀಜ ಕಂಪನಿಗಳು, ಅವುಗಳ ಸಂಘ, ಟ್ರಸ್ಟುಗಳು ಎಲ್ಲಾ ಕೊಡ್ತಾರೆ. ಕೆಲವು ಬರೀ ಅಂಕ ಅಥವಾ ಪ್ರವೇಶ ಪರೀಕ್ಷೆಯ ರ‍್ಯಾಂಕ್ ನೋಡ್ತಾರೆ, ಕೆಲವು ಮನೆಯ ಆದಾಯ ನೋಡ್ತಾರೆ, ಅಲ್ಲಿ ಹೆಚ್ಚು ಹೇಳೋದೇನಿಲ್ಲ, ದಾಖಲೆ ಸರಿ ಇರ್ಬೇಕು ಅಷ್ಟೇ. ಆದ್ರೆ ನೀನು ಏನು ಮಾಡ್ಬೇಕು ಅಂತಿದೀಯ, ಒಂದು ಪುಟ ಬರಿ ಅಂತಾರಲ್ಲ, ಅಲ್ಲೇ ಹುಡುಗ್ರು ಜಾರೋದು. "ರೈತ ದೇಶದ ಬೆನ್ನೆಲುಬು, ರೈತರ ಸೇವೆ ನನ್ನ ಕನಸು" ಅಂತ ಶುರು ಮಾಡ್ತಾರೆ. ಓದೋರ ಮುಂದೆ ಅಂಥವು ರಾಶಿ ಬಿದ್ದಿರ್ತವೆ.

ಪುಟ್ಟಿ, ನೀನು ಒಂದೇ ಒಂದು ಬೀಜ, ಒಂದೇ ಒಂದು ಪ್ರಶ್ನೆ ಹಿಡ್ಕೋ. ಯಾವ್ದಾದ್ರೂ ಒಂದು ಬೆಳೆಯ ಹೊಸ ಬೀಜ 100, ಹಳೇದು 100 ತಗೊಂಡು ಒದ್ದೆ ಕಾಗದದಲ್ಲಿ ಸುತ್ತಿ ಮೊಳಕೆ ಬರ್ಸು. ಲ್ಯಾಬಲ್ಲಿ ಸಾಮಾನ್ಯವಾಗಿ 400 ಬೀಜ ಇಡ್ತೀವಿ, ನಿಂಗೆ ಸದ್ಯಕ್ಕೆ ಇಷ್ಟು ಸಾಕು. ಬರೀ ಮೊಳಕೆ ಎಣಿಸ್ಬೇಡ. ಬೇರು ಸೊಟ್ಟ ಆಗಿರೋದು, ಕಾಂಡ ಬರ್ದೇ ಇರೋದನ್ನ ಬೇರೆ ಬರ್ಕೋ, ಅವು ಹೊಲದಲ್ಲಿ ಗಿಡ ಆಗಲ್ಲ. ದಿನಾ ಫೋಟೋ ತೆಗಿ. ನೀನು ಕಂಡಿದ್ದು, ಅದರಿಂದ ಎದ್ದ ಪ್ರಶ್ನೆ, ಅದಕ್ಕೆ ಈ ಕೋರ್ಸ್ ಯಾಕೆ ಬೇಕು, ಇಷ್ಟೇ ಬರಿ. ಅದು ಬೇರೆ ಯಾರೂ ಬರೆಯೋಕಾಗ್ದೇ ಇರೋ ಪುಟ.

ಅಕ್ಕಾ, ಹೆಣ್ಣುಮಗಳನ್ನ ದೂರ ಕಳ್ಸೋದು ಹೇಗೆ ಅಂತ ನಿಮಗೆ ಯೋಚನೆ ಇದೆ, ಗೊತ್ತು. ಸಸ್ಯ ವಿಜ್ಞಾನಿ ಜಾನಕಿ ಅಮ್ಮಾಳ್ 1897ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದೋರು. ಏಷ್ಯಾದ ಹೆಣ್ಣುಮಕ್ಕಳಿಗೆ ಅಂತಲೇ ಇದ್ದ ಬಾರ್ಬರ್ ಸ್ಕಾಲರ್‌ಶಿಪ್ ತಗೊಂಡು ಅಮೆರಿಕದ ಮಿಷಿಗನ್‌ಗೆ ಹೋದ್ರು, 1931ರಲ್ಲಿ ಡಾಕ್ಟರೇಟ್ ಪಡೆದ್ರು. ಆಮೇಲೆ ಕೊಯಮತ್ತೂರಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿದ್ರು. ಹಸಿರು ಕ್ರಾಂತಿಯ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅಂತೂ ಪೊಲೀಸ್ ಅಧಿಕಾರಿಯಾಗಿ ಐಪಿಎಸ್‌ಗೆ ಆಯ್ಕೆ ಆಗಿದ್ರೂ ಅದನ್ನ ಬಿಟ್ಟು, ಯುನೆಸ್ಕೋ ಫೆಲೋಶಿಪ್ ಮೇಲೆ ನೆದರ್ಲೆಂಡ್ಸ್‌ಗೆ ಆಲೂಗಡ್ಡೆಯ ತಳಿಶಾಸ್ತ್ರ ಓದೋಕೆ ಹೋದ್ರು. ಸರಿಯಾದ ಹೊತ್ತಿಗೆ ಸಿಕ್ಕ ಹಣ ಒಬ್ಬರ ದಾರಿಯನ್ನೇ ಬದಲಾಯ್ಸತ್ತೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ.

ಭಾವ, ಇದು ನಿಮಗೆ. ಷರತ್ತುಗಳನ್ನ ನೀವೇ ಕೂತು ಓದಿ. ಹಣ ಮೊದಲನೇ ವರ್ಷಕ್ಕೆ ಮಾತ್ರಾನಾ, ಎರಡನೇ ವರ್ಷ ಮುಂದುವರಿಯೋಕೆ ಎಷ್ಟು ಅಂಕ ಬೇಕು, ಹಾಸ್ಟೆಲ್ ಮತ್ತೆ ಸಂಶೋಧನೆ ಖರ್ಚು ಸೇರತ್ತಾ, ಇನ್ನೊಂದು ಸ್ಕಾಲರ್‌ಶಿಪ್ ಜೊತೆಗೆ ತಗೋಬಹುದಾ, ಓದು ಮುಗಿದ್ಮೇಲೆ ಅವರಲ್ಲೇ ಇಷ್ಟು ವರ್ಷ ಕೆಲಸ ಮಾಡ್ಬೇಕು ಅಂತ ಬಾಂಡ್ ಇದೆಯಾ. ಬಾಂಡ್ ಕೆಟ್ಟದ್ದು ಅಂತಲ್ಲ, ಗೊತ್ತಿದ್ದು ಸಹಿ ಹಾಕ್ಬೇಕು. ನಿಮ್ಮನ್ನ ಆಯ್ಕೆ ಮಾಡಿದೀವಿ, ಮೊದ್ಲು ಇಷ್ಟು ಹಣ ಕಟ್ಟಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಅದು ಮೋಸಾನೇ, ಇಟ್ಬಿಡಿ.

ಪುಟ್ಟಿ, ಶಿಫಾರಸು ಪತ್ರಕ್ಕೆ ನಿನ್ನ ಮೇಷ್ಟ್ರನ್ನ ಈ ವಾರಾನೇ ಕೇಳು. ಕೊನೇ ದಿನ ಹೋಗಿ ನಿಂತ್ರೆ ಅವರು ಎರಡು ಸಾಲು ಗೀಚಿ ಕೊಡ್ತಾರೆ. ಅಂಕಪಟ್ಟಿ, ಬ್ಯಾಂಕ್ ವಿವರ ಈ ಗ್ರೂಪಿಗೆ ಹಾಕ್ಬೇಡ. ಬರೆದ ಪುಟ ಮಾತ್ರ ನಂಗೆ ಬೇರೆಯಾಗಿ ಕಳ್ಸು, ಓದಿ ಅವತ್ತೇ ಫೋನ್ ಮಾಡ್ತೀನಿ.