ಅಪ್‌ಡೇಟ್: ಮಳೆಗಾಲದಲ್ಲಿ ಪುಸ್ತಕ ಸಾಗಿಸಿದ್ದು

ಹಾಸನದಿಂದ ಚಿಕ್ಕಮಗಳೂರಿಗೆ ಮನೆ ಬದಲಾಯಿಸುವಾಗ ಪುಸ್ತಕ ನೆನೆಯದಂತೆ ಒಯ್ಯುವುದು ಹೇಗೆ ಎಂದು ಕೇಳಿದ್ದೆ. ಬೇಲೂರು ದಾಟುವಾಗ ಜೋರು ಮಳೆ, ಆದರೂ ಒಂದೂ ನೆನೆಯಲಿಲ್ಲ. ಕೈಹಿಡಿದದ್ದು ಮೆಡಿಕಲ್ ಶಾಪಿನ ಸಣ್ಣ ರಟ್ಟಿನ ಬಾಕ್ಸ್, ಒಳಗೆ ಪ್ಲಾಸ್ಟಿಕ್ ಹಾಳೆ. ಸಲಹೆ ಕೊಟ್ಟವರಿಗೆ ಥ್ಯಾಂಕ್ಸ್. ಗೋಣಿಚೀಲ ಮಾತ್ರ ಬೇಡವೇ ಬೇಡ, ಮೂಲೆಗಳೆಲ್ಲ ಮಡಚಿಹೋಗುತ್ತವೆ. ಬೇವಿನ ಸೊಪ್ಪೂ ಅಷ್ಟೇ. ಸ್ವಲ್ಪ ಹಸಿ ಇದ್ದರೂ ತೇವ ಬಿಡುತ್ತದೆ.

ಶಾಲೆಯ ಲೈಬ್ರರಿಯ ಅಭ್ಯಾಸ ನೋಡಿ, ಬಾಕ್ಸ್ ಮೇಲೆ ಡ್ಯೂಯಿ ನಂಬರ್, ಅಂದರೆ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಸಂಖ್ಯೆ, ಬರೆದಿದ್ದೆ. 500 ವಿಜ್ಞಾನ, 900 ಇತಿಹಾಸ, ಭೂಗೋಳ. ಟೆಂಪೋದವರು "ಮೇಡಂ, ಇದು ರೇಟಾ?" ಅಂದರು! ಜೋಡಿಸುವುದು ಮಾತ್ರ ಸಲೀಸಾಯಿತು.

ಗೊತ್ತಿಲ್ಲದ ಒಂದು ವಿಷಯವೂ ತಿಳಿಯಿತು: ಮಲೆನಾಡಿನ ಥಂಡಿಗೆ ಕಪಾಟನ್ನು ಗೋಡೆಗೆ ಒತ್ತಿ ಇಡಬಾರದಂತೆ. ಹಿಂದೆ ಗಾಳಿ ಆಡದಿದ್ದರೆ ಬೂಷ್ಟು ಹಿಡಿಯುತ್ತದೆ. ನಮ್ಮದನ್ನು ಗೇಣುದ್ದ ಮುಂದೆ ಎಳೆದಿದ್ದೇವೆ.